ಒಂದು ತಿತ್ತಿ ನೀರು

  

ಇವತ್ತಿನ ವಿಷಯ ಕೇಳಿ ಕೆಲವರಿಗೆ ಇರುಸುಮುರುಸು ಆಗಬಹುದು. ನಮ್ಮ ಯೂತ್ ಮೀಟಿಂಗ್‌ಗಳಲ್ಲಿ ಮದುವೆ ಬಗ್ಗೆ ಎಷ್ಟೋ ಸಲ ಮಾತಾಡಿದ್ದೀವಿ. ಯಾರನ್ನ ಆರಿಸ್ಕೋಬೇಕು, ಹೇಗೆ ಕಾಯಬೇಕು, ಎಲ್ಲಾ ಆಗಿದೆ. ಮದುವೆ ಮುರಿದ ಮೇಲೆ ಮಕ್ಕಳ ವಿಷಯದಲ್ಲಿ ಹೇಗೆ ನಡ್ಕೋಬೇಕು ಅನ್ನೋದನ್ನ ಮಾತ್ರ ಮುಟ್ಟಲ್ಲ. ಮಾತಾಡಿದ್ರೆ ಡೈವೋರ್ಸ್‌ಗೆ ಒಪ್ಪಿಗೆ ಕೊಟ್ಟ ಹಾಗಾಗುತ್ತೇನೋ ಅನ್ನೋ ಭಯ. ಆದರೆ ತಿಂಗಳಿಗೆ ಎರಡೇ ಶನಿವಾರ ಮಗುವನ್ನ ನೋಡೋ ಅಪ್ಪಂದಿರು ಈ ಹಾಲ್‌ನಲ್ಲೇ ಇದ್ದಾರೆ. ಒಬ್ಬರೇ ಸ್ಕೂಲ್ ಫೀಸ್ ಹೊಂದಿಸೋ ಅಮ್ಮಂದಿರೂ ಇದ್ದಾರೆ. ಅಪ್ಪ ಅಮ್ಮ ಬೇರೆಯಾದ ಮನೆಯಲ್ಲಿ ಬೆಳೆದು, ಈಗ ಇಲ್ಲಿ ಹಾಡ್ತಿರೋರೂ ಇದ್ದಾರೆ. ಡೈವೋರ್ಸ್ ಸರಿಯಾ ತಪ್ಪಾ ಅನ್ನೋದು ಇವತ್ತಿನ ಪ್ರಶ್ನೆ ಅಲ್ಲ. ಅದು ಆಗಿಹೋಗಿದೆ, ಮಗು ಬೆಳೀತಾ ಇದೆ. ಮುಂದೇನು?

ಒಬ್ಬ ಬ್ರದರ್ ನನ್ನ ಹತ್ರ ಬಂದಿದ್ದರು. ಅವರನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ, ಗುರುತು ಸಿಗೋ ವಿವರ ಬಿಟ್ಟಿದ್ದೀನಿ. ಯಾರಿರಬಹುದು ಅಂತ ದಯವಿಟ್ಟು ಹುಡುಕಬೇಡಿ. ಡೈವೋರ್ಸ್ ಆಕ್ಟ್‌ನ 10ಎ ಕೆಳಗೆ ಇಬ್ಬರೂ ಒಪ್ಪಿ ಬೇರೆಯಾದವರು. ಆಗ ಮಗನಿಗೆ ಮೂರು ವರ್ಷ. ಮಗು ತಾಯಿ ಹತ್ರ, ತಂದೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 11ರಿಂದ ಸಂಜೆ 5, ತಿಂಗಳಿಗೆ ಇಷ್ಟು ಹಣ ಅಂತ ಬರೆದು ಸಹಿ ಹಾಕಿದ್ದರು. ಈಗ ಮಗನಿಗೆ ಎಂಟು. ಹಳೇ ಕೆಲಸ ಹೋಗಿದೆ, ಹೊಸ ಕೆಲಸದಲ್ಲಿ ಸಂಬಳ ಕಮ್ಮಿ. ಆರು ಗಂಟೆ ಹೊತ್ತು ಮಗನ ಜೊತೆ ಮಾಲ್‌ನಲ್ಲಿ ಸುತ್ತಿ ಸುತ್ತಿ ಸಾಕಾಗಿದೆ. ರಾತ್ರಿ ಅವನು ತನ್ನ ಮನೇಲಿ ಮಲಗಬೇಕು, ಬೇಸಿಗೆ ರಜೆಯಲ್ಲಿ ಅರ್ಧ ತನ್ನ ಜೊತೆ ಇರಬೇಕು ಅನ್ನೋ ಆಸೆ. ತಿಂಗಳ ಹಣ ಸ್ವಲ್ಪ ಇಳಿಸಬೇಕು ಅಂತಲೂ ಇದೆ. ಅವರು ಕೇಳಿದ್ದು, "ಪಾಸ್ಟರ್, ನಾನೇ ಸಹಿ ಹಾಕಿದ ಮಾತನ್ನ ಬದಲಿಸಿ ಅಂತ ಕೋರ್ಟಿಗೆ ಹೋದ್ರೆ ತಪ್ಪಾಗುತ್ತಾ?"

ಅವರಿಗೆ ಆಗಲೇ ಒಬ್ಬರು 1 ಕೊರಿಂಥ 6ನೇ ಅಧ್ಯಾಯ ತೋರಿಸಿದ್ದರು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡೋದಕ್ಕಿಂತ ಅನ್ಯಾಯ ಸಹಿಸೋದು ಮೇಲು ಅಂತ ಪೌಲನು ಅಲ್ಲಿ ಕೇಳ್ತಾನೆ, ನಿಜ. ಆದರೆ ಬ್ರದರ್, ನಿಮಗಾದ ನಷ್ಟವನ್ನ ನೀವು ಸಹಿಸ್ಕೋಬಹುದು. ಮಗನಿಗೆ ಆಗೋ ನಷ್ಟವನ್ನ ಅವನ ಪರವಾಗಿ ಸಹಿಸೋ ಅಧಿಕಾರ ನಿಮಗೆ ಯಾರು ಕೊಟ್ಟರು? ಅಪ್ಪನ ಜೊತೆ ಒಂದು ರಾತ್ರಿಯೂ ಕಳೆಯದೆ ಬೆಳೆಯೋದು ಆ ಹುಡುಗನಿಗೆ ಆಗ್ತಿರೋ ನಷ್ಟ. ಅದನ್ನ ತಾಳ್ಮೆ ಅಂತ ಕರೆದು ಸುಮ್ಮನಿದ್ರೆ, ತಾಳ್ಮೆ ನಿಮ್ಮದು, ಬೆಲೆ ಕಟ್ಟೋನು ಅವನು.

ಇನ್ನು ಕಾನೂನು. ಮಕ್ಕಳ ಬಗ್ಗೆ ಕೋರ್ಟ್ ಕೊಡೋ ಆದೇಶ ಕಲ್ಲಿನ ಶಾಸನ ಅಲ್ಲ. 1973ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದ ಒಂದು ಕೇಸ್ ಇದೆ, ಲಾ ಓದಿರೋರಿಗೆ ರೋಸಿ ಜೇಕಬ್ ಪ್ರಕರಣ ಅಂದ್ರೆ ಗೊತ್ತಿರುತ್ತೆ. ಕ್ರೈಸ್ತ ಕುಟುಂಬ, ಮೂರು ಮಕ್ಕಳು. ಮದ್ರಾಸ್ ಹೈಕೋರ್ಟ್ ದೊಡ್ಡ ಮಗನನ್ನ ತಂದೆಗೂ, ಮಗಳು ಮತ್ತು ಚಿಕ್ಕ ಮಗನನ್ನ ತಾಯಿಗೂ ಒಪ್ಪಿಸಿತ್ತು. ಆ ಇಬ್ಬರನ್ನೂ ನನಗೇ ಕೊಡಿ ಅಂತ ತಂದೆ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಕೆಳಗೆ ಅರ್ಜಿ ಹಾಕಿದರು. ಕೊನೆಗೆ ಸುಪ್ರೀಂ ಕೋರ್ಟ್ ಅವರನ್ನ ತಾಯಿ ಹತ್ರವೇ ಉಳಿಸಿತು. ಮಕ್ಕಳು ಅಪ್ಪ ಅಮ್ಮನ ಸೊತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಅನ್ನೋ ಮಾತು ಆ ತೀರ್ಪಿನಲ್ಲಿದೆ. ತಂದೆ ಯೋಗ್ಯ ಅನ್ನೋದು ಮಾತ್ರ ಸಾಕಾಗಲ್ಲ, ಮಕ್ಕಳ ಹಿತ ಅದಕ್ಕಿಂತ ಮೇಲು ಅಂತಲೂ ಇದೆ. ಜೊತೆಗೆ ಇಂಥ ಆದೇಶಗಳು ಶಾಶ್ವತ ಅಲ್ಲ, ಪರಿಸ್ಥಿತಿ ಬದಲಾದ್ರೆ ಬದಲಾಗಬಹುದು ಅಂತ ಇದೆ. ಜೀವನಾಂಶಕ್ಕೂ ಹಾಗೇ. ಹಳೇ ಸಿಆರ್‌ಪಿಸಿಯಲ್ಲಿ 127 ಇತ್ತು, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಅದು 146. ಪರಿಸ್ಥಿತಿ ಬದಲಾಗಿದೆ ಅಂತ ತೋರಿಸಿದ್ರೆ ಮೊತ್ತ ಇಳಿಯಬಹುದು, ಏರಲೂಬಹುದು. ಏರಲೂಬಹುದು ಅನ್ನೋದನ್ನ ತಂದೆಯಂದಿರು ಸಾಮಾನ್ಯವಾಗಿ ಓದಲ್ಲ!

ಹಾಗಾಗಿ ಬದಲಾವಣೆ ಕೇಳೋದು ಮಾತು ತಪ್ಪೋದಲ್ಲ. ಮೂರು ವರ್ಷದ ಮಗುವಿಗೆ ಹೊಲಿಸಿದ ಅಂಗಿ ಎಂಟರವನಿಗೆ ಆಗಲ್ಲ. ನನ್ನ ಚಿಂತೆ ಬೇರೆ ಕಡೆ ಇತ್ತು. ಅವರು ತಂದ ಅರ್ಜಿಯ ಕರಡಿನಲ್ಲಿ ಸಮಯವೂ ಹಣವೂ ಒಂದಕ್ಕೊಂದು ಗಂಟು ಬಿದ್ದಿದ್ದವು. ಹೆಚ್ಚು ದಿನ ಮಗ ನನ್ನ ಹತ್ರ ಇರ್ತಾನೆ, ಆದ್ದರಿಂದ ಕಮ್ಮಿ ಹಣ. ದಿನ ಕೊಡದಿದ್ರೆ ಹಣವೂ ಇಲ್ಲ ಅನ್ನೋ ದನಿಯಲ್ಲಿ ಇನ್ನೊಂದು ಸಾಲು. ಅದರ ಹಿಂದಿನ ಎರಡು ತಿಂಗಳು ಹಣ ಕಳಿಸಿರಲಿಲ್ಲ ಕೂಡ. ಯಾಕೆ ಅಂದ್ರೆ, ಒಂದು ಶನಿವಾರ ಮಗನಿಗೆ ಜ್ವರ ಅಂತ ತಾಯಿ ಕಳಿಸಿರಲಿಲ್ಲ.

ಈ ಲೆಕ್ಕ ನಮ್ಮಲ್ಲಿ ಬಹಳ ಜನಕ್ಕೆ ನ್ಯಾಯ ಅನ್ನಿಸುತ್ತೆ. ಮಗು ತೋರಿಸದಿದ್ರೆ ದುಡ್ಡು ಯಾಕೆ? ದುಡ್ಡು ಕೊಡದಿದ್ರೆ ಮಗು ಯಾಕೆ ತೋರಿಸಬೇಕು? ಎರಡೂ ಕಡೆಯವರು ಇದನ್ನೇ ಹೇಳ್ತಾರೆ. ಆದರೆ ಆ ಹಣ ತಾಯಿಗೆ ಕೊಡೋ ಬಾಡಿಗೆ ಅಲ್ಲ. ಅದು ಹುಡುಗನ ಹಾಲು, ಸ್ಕೂಲ್ ವ್ಯಾನ್, ಕನ್ನಡಕ. ಭೇಟಿಯೂ ತಂದೆಗೆ ಕೊಡೋ ಬಹುಮಾನ ಅಲ್ಲ, ಅದು ಹುಡುಗನಿಗೆ ಸಿಗಬೇಕಾದ ಅಪ್ಪ. ಎರಡೂ ಅವನದ್ದೇ. ಅವನ ಒಂದು ವಸ್ತುವನ್ನ ಒತ್ತೆ ಇಟ್ಟು ಅವನ ಇನ್ನೊಂದು ವಸ್ತುವನ್ನ ಬಿಡಿಸ್ಕೊಳ್ತೀವಿ ಅಂದ್ರೆ, ವ್ಯಾಪಾರ ಯಾರ ಜೊತೆ ಮಾಡ್ತಿದ್ದೀವಿ?

ಆದಿಕಾಂಡ 21 ತೆಗೀರಿ. ಹಾಗರಳನ್ನೂ ಇಷ್ಮಾಯೇಲನನ್ನೂ ಕಳಿಸೋ ಬೆಳಿಗ್ಗೆ. ಅಬ್ರಹಾಮನಿಗೆ ಮಗನ ವಿಷಯದಲ್ಲಿ ಬಹಳ ದುಃಖ ಆಯ್ತು ಅಂತ ವಾಕ್ಯ ಹೇಳುತ್ತೆ. ಅವನು ಕಲ್ಲು ಮನಸ್ಸಿನವನಲ್ಲ. ಕಳಿಸು ಅಂತ ದೇವರೇ ಹೇಳಿದ್ದು. ಆದರೆ ಕಳಿಸುವಾಗ ಕೊಟ್ಟಿದ್ದೇನು? ಬುತ್ತಿ, ಒಂದು ತಿತ್ತಿ ನೀರು. ತಿತ್ತಿ ಅಂದ್ರೆ ಚರ್ಮದ ಚೀಲ. ಎಂಟು ಅಧ್ಯಾಯ ಹಿಂದೆ ಹೋಗಿ ನೋಡಿ, ಇದೇ ಮನುಷ್ಯ ದನಕುರಿ, ಬೆಳ್ಳಿ, ಬಂಗಾರದಲ್ಲಿ ದೊಡ್ಡ ಶ್ರೀಮಂತ. ಕಳಿಸು ಅನ್ನೋದು ದೇವರ ಮಾತು. ಒಂದೇ ತಿತ್ತಿ ಅನ್ನೋ ಅಳತೆ ದೇವರು ಹೇಳಿದ್ದು ಅಂತ ವಾಕ್ಯದಲ್ಲಿ ನನಗೆ ಕಾಣಲಿಲ್ಲ. ವ್ಯಾಖ್ಯಾನ ಬರೆದವರು ಅಬ್ರಹಾಮನ ಪರ ಏನೇನೋ ಹೇಳ್ತಾರೆ, ಹೇಳಲಿ. ಅಡವಿಯಲ್ಲಿ ನೀರು ಮುಗಿದಿದ್ದಂತೂ ನಿಜ.

ಆಮೇಲೆ ನಡೆಯೋದನ್ನ ನಿಧಾನವಾಗಿ ಓದಿ. ತಾಯಿ ಹುಡುಗನನ್ನ ಗಿಡದ ಕೆಳಗೆ ಬಿಟ್ಟು ದೂರ ಕೂತು ಗಟ್ಟಿಯಾಗಿ ಅಳ್ತಾಳೆ. ದೇವರು ಕೇಳಿದ್ದು ಮಾತ್ರ ಹುಡುಗನ ದನಿ. ತಾಯಿ ಅತ್ತಳು, ಮನೇಲಿ ತಂದೆಯೂ ಕೊರಗುತ್ತಿದ್ದಿರಬಹುದು, ಆದರೆ ಪರಲೋಕದಲ್ಲಿ ಮೊದಲು ಮುಟ್ಟಿದ್ದು ಆ ಮಗುವಿನ ಕೂಗು. ಆ ಹುಡುಗನ ಹೆಸರಿನ ಅರ್ಥವೇ ದೇವರು ಕೇಳುತ್ತಾನೆ ಅಂತ. ಫ್ಯಾಮಿಲಿ ಕೋರ್ಟ್‌ನಲ್ಲಿ ಮಗುವಿನ ಹಿತವೇ ಮೊದಲು ಅಂದಾಗ ಕೆಲವು ವಿಶ್ವಾಸಿಗಳು ಇದು ಲೋಕದ ನ್ಯಾಯ ಅಂತ ಮೂಗು ಮುರೀತಾರೆ. ನನಗೆ ಹಾಗನ್ನಿಸಲ್ಲ.

ಹಣದ ವಿಷಯದಲ್ಲಿ ಇನ್ನೊಂದು ಮಾತಿದೆ, ಇದು ಖಾರವಾಗಿದ್ರೂ ಕೇಳಿಸ್ಕೊಳ್ಳಿ. ದೇವರಿಗೆ ಅರ್ಪಿತ ಅಂತ ಹೇಳಿ ತಂದೆತಾಯಿಗೆ ಕೊಡಬೇಕಾದ್ದನ್ನ ತಪ್ಪಿಸೋರನ್ನ ಯೇಸು ಮಾರ್ಕ 7ರಲ್ಲಿ ಗದರಿಸ್ತಾನೆ. ಕೊರ್ಬಾನ್ ಅಂತ ಅದಕ್ಕೆ ಹೆಸರು. ತಂದೆತಾಯಿ ವಿಷಯದಲ್ಲಿ ಸಲ್ಲದ್ದು ಮಕ್ಕಳ ವಿಷಯದಲ್ಲಿ ಸಲ್ಲುತ್ತಾ? ಮಗುವಿನ ಹಣ ಬಾಕಿ ಇಟ್ಟು ಇಲ್ಲಿ ದಶಮಾಂಶ ಹಾಕಬೇಡಿ. ಅಕೌಂಟ್ಸ್ ನೋಡೋ ಬ್ರದರ್ ನನ್ನ ಮೇಲೆ ಬೇಜಾರಾದ್ರೂ ಪರವಾಗಿಲ್ಲ. ಮೊದಲು ಆ ಬಾಕಿ ಕಟ್ಟಿ ಬನ್ನಿ. ಸಂಬಳ ನಿಜವಾಗಿ ಇಳಿದಿದ್ರೆ ಅದನ್ನ ಕೋರ್ಟಿಗೆ ಹೇಳಿ, ಆದೇಶ ಬದಲಾಗೋವರೆಗೂ ಹಳೇ ಆದೇಶ ಜಾರಿಯಲ್ಲೇ ಇರುತ್ತೆ. ನೀವೇ ಇಳಿಸ್ಕೊಂಡ್ರೆ ಅದು ಬಾಕಿಯಾಗಿ ಬೆಳೆಯುತ್ತೆ.

ನಿಜವಾಗಿ ಇಳಿದಿದ್ರೆ ಅಂದೆ. 2020ರ ರಜನೇಶ್ ವರ್ಸಸ್ ನೇಹಾ ತೀರ್ಪಿನ ಮೇಲೆ, ಜೀವನಾಂಶದ ಕೇಸ್‌ಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಮಕ್ಕಳ ಓದಿನ ಖರ್ಚು ಸಾಮಾನ್ಯವಾಗಿ ತಂದೆಯದ್ದು, ತಾಯಿಗೂ ಸಾಕಷ್ಟು ಸಂಪಾದನೆ ಇದ್ರೆ ಅದಕ್ಕೆ ತಕ್ಕ ಪಾಲು ಹಂಚಬಹುದು ಅಂತ ಅದೇ ತೀರ್ಪು ಹೇಳುತ್ತೆ. ಆದ್ದರಿಂದ ತಾಯಿಯ ಸಂಬಳ ನಿಮ್ಮದಕ್ಕಿಂತ ಹೆಚ್ಚಿದ್ರೆ ಅದನ್ನ ಹೇಳೋದು ನಾಚಿಕೆಯಲ್ಲ. ಆದರೆ ಅಫಿಡವಿಟ್ ಅಂದ್ರೆ ಪ್ರಮಾಣ. ಫ್ರೀಲಾನ್ಸ್ ದುಡ್ಡು ತಮ್ಮನ ಖಾತೆಗೆ ಹಾಕಿಸಿ, ಹೊಸ ಕಾರಿನ ಇಎಂಐ ತೋರಿಸಿ ನನ್ನ ಕೈಯಲ್ಲಿ ಏನೂ ಉಳಿಯಲ್ಲ ಅನ್ನೋದು ಕೋರ್ಟಿಗಿಂತ ಮೊದಲು ದೇವರ ಮುಂದೆ ಸುಳ್ಳು.

ಈಗ ಸಮಯ. ನಾನು ಆ ಬ್ರದರ್‌ಗೆ ಒಂದು ಕೆಲಸ ಕೊಟ್ಟೆ. ರಜೆ, ಶನಿವಾರ ಬಿಡಿ, ಮಗ ನಿಮ್ಮ ಹತ್ರ ಇದ್ರೆ ಒಂದು ಮಂಗಳವಾರ ಹೇಗಿರುತ್ತೆ, ಬರೆದು ತನ್ನಿ ಅಂದೆ. ಯಾರು ಎಬ್ಬಿಸ್ತಾರೆ? ಟಿಫಿನ್‌ಗೆ ಏನು? ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನೀವು ಸಿಕ್ಕಿಹಾಕ್ಕೊಂಡಿರುವಾಗ ಸ್ಕೂಲ್ ಬಿಟ್ಟು ಬಂದವನಿಗೆ ಬಾಗಿಲು ತೆಗೆಯೋರು ಯಾರು? ಹೋಮ್‌ವರ್ಕ್? ಹೊಟ್ಟೆನೋವು ಅಂದ್ರೆ ಆಫೀಸ್ ಕಾಲ್ ಬಿಟ್ಟು ಬರ್ತೀರಾ? ಮರುವಾರ ಅವರು ಒಂದು ಹಾಳೆ ತಂದರು. ಪೂರ್ತಿ ಕಸ್ಟಡಿ ಕೇಳಬೇಕು ಅನ್ನೋ ಯೋಚನೆಯೂ ಒಳಗೊಳಗೇ ಇತ್ತಂತೆ, ಬರೀತಾ ಬರೀತಾ ಅದು ತಾನಾಗೇ ಬಿದ್ದುಹೋಯ್ತು ಅಂದರು. ಉಳಿದದ್ದು ಎರಡನೇ ಮತ್ತು ನಾಲ್ಕನೇ ವಾರಾಂತ್ಯ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ, ರಜೆಯಲ್ಲಿ ಮೂರು ವಾರ, ಬುಧವಾರ ಒಂದು ವೀಡಿಯೋ ಕಾಲ್. ಇದನ್ನ ಅವರು ನಿಜವಾಗಿ ನಡೆಸಬಲ್ಲರು.

ಇಲ್ಲಿ ಸೊಲೊಮೋನನ ಕಥೆಯನ್ನ ಎಲ್ಲರೂ ಎಳೆದು ತರ್ತಾರೆ. 1 ಅರಸುಗಳು 3. ನಿಜವಾದ ತಾಯಿ ಬಿಟ್ಟುಕೊಟ್ಟಳಲ್ಲ, ನೀನೂ ಬಿಟ್ಟುಕೊಡು ಅಂತ. ನನಗೆ ಈ ಬಳಕೆ ಇಷ್ಟ ಇಲ್ಲ. ಆ ಹೆಂಗಸು ಕತ್ತಿ ಎದುರಿಗೆ ಬಂದಾಗ ಬಿಟ್ಟಳು, ಅದಕ್ಕೂ ಮೊದಲು ಅರಸನ ಮುಂದೆ ನಿಂತು ತನ್ನ ಮಾತನ್ನ ಪೂರ್ತಿ ಹೇಳಿದ್ದಳು. ಸುಮ್ಮನೆ ಮನೇಲಿ ಕೂತಿರಲಿಲ್ಲ. ನಿಮ್ಮ ಹಟದಿಂದ ಮಗು ಎರಡು ಹೋಳಾಗ್ತಿದೆಯಾ ಅಂತ ನೋಡ್ಕೊಳ್ಳಿ. ತಾರೀಖಿನ ಹಿಂದಿನ ರಾತ್ರಿ ಹಾಸಿಗೆ ಒದ್ದೆ ಮಾಡ್ತಿದ್ರೆ, ಅಮ್ಮ ಏನಂದ್ಲು ಅಂತ ನೀವು ಕೇಳಿದಾಗ ತಲೆ ತಗ್ಗಿಸ್ತಿದ್ರೆ, ಕತ್ತಿ ಎತ್ತಿದೆ ಅಂತ ಅರ್ಥ. ಆಗ ನಿಲ್ಲಿಸಿ. ಹಾಗಿಲ್ಲದಿದ್ರೆ ಕೇಳೋದು ತಪ್ಪಲ್ಲ.

ಅಮ್ಮಂದಿರಿಗೂ ಒಂದು ಮಾತು, ಚಿಕ್ಕದು. ನಿಮ್ಮಲ್ಲಿ ಕೆಲವರ ಗಾಯ ನನಗೆ ಗೊತ್ತು. ಹೊಡೆತ, ಕುಡಿತ ಇದ್ದ ಮನೆಯಿಂದ ಬಂದವರಿಗೆ ನಾನು ಮಗುವನ್ನ ಕಳಿಸಿ ಅಂತ ಹೇಳೋದೇ ಇಲ್ಲ, ಅದನ್ನ ಜಡ್ಜ್ ಮುಂದೆ ಧೈರ್ಯವಾಗಿ ಹೇಳಿ, ಸಭೆ ನಿಮ್ಮ ಜೊತೆ ನಿಲ್ಲುತ್ತೆ. ಅಂಥದ್ದೇನೂ ಇಲ್ಲದೆ, ನನ್ನನ್ನ ಪ್ರೀತಿಸದವನು ಮಗನನ್ನ ಹೇಗೆ ಪ್ರೀತಿಸ್ತಾನೆ ಅನ್ನೋದೊಂದೇ ಕಾರಣ ಆದ್ರೆ, ಸಿಸ್ಟರ್, ಅದು ಎರಡು ಬೇರೆ ಪ್ರಶ್ನೆ.

ಆ ಬ್ರದರ್ ಬಾಕಿ ಎರಡು ತಿಂಗಳ ಹಣ ಕಳಿಸಿದರು. ಕರಡನ್ನ ಹರಿದು, ಸಮಯಕ್ಕೆ ಒಂದು ಅರ್ಜಿ, ಹಣಕ್ಕೆ ಇನ್ನೊಂದು ಅಂತ ಬೇರೆ ಬೇರೆ ಬರೆಸಿದರು. ವಕೀಲರಿಗೆ ಇದು ಅಷ್ಟು ಹಿಡಿಸಲಿಲ್ಲ, ಒಟ್ಟಿಗಿದ್ರೆ ಒತ್ತಡ ಹಾಕೋದು ಸುಲಭ ಅಂದರಂತೆ. ಈಗ ವಿಷಯ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಮೀಡಿಯೇಷನ್‌ಗೆ ಹೋಗಿದೆ. ಎರಡು ಸಿಟ್ಟಿಂಗ್ ಆಗಿದೆ. ರಜೆಯ ಮೂರು ವಾರಕ್ಕೆ ತಾಯಿ ಇನ್ನೂ ಒಪ್ಪಿಲ್ಲ, ರಾತ್ರಿ ಉಳಿಯೋದಕ್ಕೆ ಒಂದು ವಾರಾಂತ್ಯ ನೋಡೋಣ ಅಂದಿದ್ದಾರೆ. ಹಣದ ಅರ್ಜಿಗೆ ಅವರ ಅಫಿಡವಿಟ್ ಬರಬೇಕು. ಒಪ್ಪಂದ ಆದ್ರೂ ಅದನ್ನ ಕೋರ್ಟ್‌ನಲ್ಲೇ ಬರೆಸಿ ಅಂತ ಇಬ್ಬರಿಗೂ ಹೇಳಿದ್ದೀನಿ. ಕಾಫಿ ಕುಡೀತಾ ಬಾಯಿಮಾತಲ್ಲಿ ಆದದ್ದು ಮುಂದಿನ ಜಗಳದ ದಿನ ಯಾರಿಗೂ ನೆನಪಿರಲ್ಲ.

ಎದ್ದು ನಿಲ್ಲೋಣ. ಈ ವಾರ ಕೋರ್ಟ್ ತಾರೀಖು ಇರೋರು ಮುಂದೆ ಬನ್ನಿ ಅಂತ ನಾನು ಕರೆಯಲ್ಲ, ಇರೋ ಜಾಗದಲ್ಲೇ ಕಣ್ಣು ಮುಚ್ಚಿ. ಮೊದಲು ನಿಮ್ಮ ಮಗುವಿನ ಹೆಸರು ಹೇಳಿ ಪ್ರಾರ್ಥಿಸಿ. ಆಮೇಲೆ, ಆಗೋದಾದ್ರೆ, ಆ ಮಗುವಿನ ಇನ್ನೊಬ್ಬ ಪೋಷಕರ ಹೆಸರನ್ನೂ ಹೇಳಿ. ಬ್ಯಾಂಡ್‌ನವರು ನಿಧಾನಕ್ಕೆ ಶುರು ಮಾಡಿ.