ಉಳಿದ ಸಮಯ ಯಾರದು?

ಹಾವೇರಿ ಬಳಿಯ ಅಗಡಿ ಗ್ರಾಮದ ಹೆಸರು ಕೇಳಿದ್ದೀರಾ? ಅಲ್ಲಿಯ ಆನಂದವನದಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು. ಅದರ ಸಂಪಾದಕರಾಗಿ ದುಡಿದವರು ಕಾದಂಬರಿಕಾರ ಗಳಗನಾಥರು (1869–1942). ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದರು. ಕೊಳ್ಳುವವನ ಮುಖ ನೋಡಿ, ಎರಡು ಮಾತಾಡಿ ಪುಸ್ತಕ ಕೊಡುವ ಕಾಲ ಅದು.

ಇಂದು ಮೊಬೈಲಿನ ಮೇಲೆ ಬೆರಳಿಟ್ಟರೆ ಗಳಿಗೆಯಲ್ಲಿ ಪುಸ್ತಕ ಸಿಗುತ್ತದೆ. ಇದು ಒಳ್ಳೆಯದೇ. ಮನುಷ್ಯನ ತಲೆಯ ಭಾರ ಇಳಿಸಿದ ಯಂತ್ರವನ್ನು ದೂರುವುದು ಕೃತಘ್ನತೆ.

ಆದರೆ ಯಂತ್ರ ಉಳಿಸಿಕೊಟ್ಟ ಸಮಯ ಎಲ್ಲಿ ಹೋಯಿತು? ಗಿರಣಿ ಬಂತು, ಬೀಸುವುದು ತಪ್ಪಿತು. ಮೊಬೈಲ್ ಬಂತು, ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಆದರೂ "ಪುರುಸೊತ್ತಿಲ್ಲ" ಎಂಬ ಮಾತು ಮನೆಮನೆಯಲ್ಲೂ ಹೆಚ್ಚಿದೆ. ನಾಲ್ಕು ಕಾಸು ಉಳಿದರೆ ಮಗನ ಓದಿಗೋ ಮಗಳ ಮದುವೆಗೋ ಎಂದು ಯೋಚಿಸುವ ನಾವು, ಉಳಿದ ಸಮಯ ಯಾರಿಗೆಂದು ಯೋಚಿಸುವುದೇ ಇಲ್ಲ. ಒಂದು ಅವಸರದಿಂದ ಉಳಿಸಿದ್ದನ್ನು ಮತ್ತೊಂದು ಅವಸರಕ್ಕೆ ಸುರಿಯುತ್ತೇವೆ.

ಸಾಗಿಸುವ ಕೆಲಸವನ್ನು ಯಂತ್ರ ಬೇಗ ಮಾಡೀತು. ಮಾಗಿಸುವ ಕೆಲಸಕ್ಕೆ ಅದರದೇ ಕಾಲ ಬೇಕು. ಅದೇ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಇಂದು ಮೆಣಸಿನಕಾಯಿಗೆ ಕಂಪ್ಯೂಟರಿನ ಮೂಲಕ ಟೆಂಡರ್ ನಡೆಯುತ್ತದೆ. ಆದರೆ ಕಾಯಿ ಗಿಡದಲ್ಲೇ ಕೆಂಪಾಗಬೇಕು, ಕಣದ ಬಿಸಿಲಿನಲ್ಲಿ ದಿನಗಟ್ಟಲೆ ಒಣಗಬೇಕು. ಹಸಿಯಿರುವಾಗಲೇ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುತ್ತದೆ. ಮನೆಯ ಸಂಬಂಧಗಳೂ ಹಾಗೆಯೇ. ಶಾಲೆಯಿಂದ ಬಂದ ಮಗು ತನ್ನ ಅಳಲನ್ನು ಮೊದಲ ಮಾತಿನಲ್ಲೇ ಹೇಳುವುದಿಲ್ಲ. ವಯಸ್ಸಾದ ತಾಯಿಯೂ ಅಷ್ಟೇ. ಊರ ಸುದ್ದಿಯೆಲ್ಲ ಮುಗಿದ ಮೇಲೆ ತನ್ನ ಮಂಡಿನೋವಿನ ಮಾತಿಗೆ ಬರುತ್ತಾಳೆ. ಅಲ್ಲಿಯವರೆಗೆ ಕೂತಿದ್ದವರಿಗೆ ಮಾತ್ರ ಅದು ಕೇಳಿಸುತ್ತದೆ.

ಎಲ್ಲರಿಗೂ ಈ ಆಯ್ಕೆ ಇಲ್ಲವೆಂಬುದೂ ನಿಜ. ರಾತ್ರಿ ಹತ್ತಕ್ಕೂ ಕೆಲಸದವರಿಗೆ ಸಂದೇಶ ಕಳಿಸುವ ಯಜಮಾನ, ಅವರ ಮನೆಯ ಸಮಯವನ್ನೇ ಕಸಿಯುತ್ತಾನೆ. ಸಂಬಳದಲ್ಲಿ ಹತ್ತು ರೂಪಾಯಿ ಹಿಡಿದರೆ ಅನ್ಯಾಯವೆನ್ನುವ ನಾವು, ಇದನ್ನು ಹಾಗೆ ಕರೆಯಲು ಏಕೆ ಹಿಂಜರಿಯಬೇಕು? ನಿಮ್ಮ ಕೈಕೆಳಗೆ ದುಡಿಯುವವರಿದ್ದರೆ, ಈ ಪ್ರಶ್ನೆ ಮೊದಲು ನಿಮಗೆ.

ಹಾಗೆಂದು ಮೊಬೈಲನ್ನು ಬಾವಿಗೆ ಎಸೆಯಬೇಕಾಗಿಲ್ಲ. ಅದು ಉಳಿಸಿಕೊಟ್ಟ ಅರ್ಧ ಗಂಟೆಗೆ ಒಬ್ಬರ ಹೆಸರು ಬರೆದಿಡಿ. ಅದು ನಿಮ್ಮ ಅತ್ತೆಯದಾಗಿರಲಿ, ಪಕ್ಕದ ಮನೆಯ ಒಂಟಿ ಅಜ್ಜನದಾಗಿರಲಿ, ಕೇಳುತ್ತಿರುವಾಗ ಗಡಿಯಾರ ನೋಡಬೇಡಿ.