ನಿಯಮ ಬರೆದವರಿಗೂ ನಿಯಮವಿದೆಯೆ?

ಎರಡು ವರ್ಷಗಳ ಹಿಂದೆ ಒಂದು ಕಥೆ ಬರೆಯಲು ಕುಳಿತಿದ್ದೆ. ಒಂದೇ ನದಿಯ ನೀರು ಕುಡಿಯುವ ಏಳು ದೇಶಗಳ ಕಥೆ. ಏಳೂ ನನ್ನ ಕಲ್ಪನೆಯವು, ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ತಲೆಮಾರುಗಳ ಕಾಲ ಹೊಡೆದಾಡಿ ಸುಸ್ತಾದ ಮೇಲೆ ಅವುಗಳ ಪ್ರತಿನಿಧಿಗಳು ಒಂದು ಛತ್ರದಲ್ಲಿ ಸೇರಿ ಒಕ್ಕೂಟ ಕಟ್ಟಲು ಹೊರಡುತ್ತಾರೆ. ಮೊದಲನೆಯ ನಿಯಮಕ್ಕೆ ಐದು ನಿಮಿಷ ಸಾಕಾಯಿತು: ಯಾರೂ ಯಾರ ಮೇಲೂ ದಂಡೆತ್ತಿ ಹೋಗಬಾರದು. ಎರಡನೆಯದು, ಯಾರು ಸದಸ್ಯರಾಗಬಹುದು? ಸ್ವಲ್ಪ ಗದ್ದಲವಾಯಿತು, ಆದರೂ ಮುಗಿಯಿತು. ಮೂರನೆಯದು, ಸದಸ್ಯನೇ ನಿಯಮ ಮುರಿದರೆ ಏನು ಮಾಡುವುದು? ಆಗ ನದಿ ಹುಟ್ಟುವ ದೇಶದ ಪ್ರತಿನಿಧಿ ಎದ್ದು ನಿಂತು, "ನಿಯಮ ಎಲ್ಲರಿಗೂ ಇರಲಿ. ಆದರೆ ನನ್ನ ಒಪ್ಪಿಗೆಯಿಲ್ಲದೆ ನನ್ನ ವಿರುದ್ಧ ಯಾವ ತೀರ್ಮಾನವೂ ಆಗಬಾರದು" ಎಂದ.

ಬರೆದ ಮೇಲೆ ನನಗೇ ನಗು ಬಂತು. ಇಷ್ಟು ಲಜ್ಜೆಗೆಟ್ಟ ಮಾತನ್ನು ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೆ? ಕೇಳಿದರೂ ಉಳಿದ ಆರು ಮಂದಿ ಒಪ್ಪುತ್ತಾರೆಯೆ? ಓದುಗರು ನಂಬುವುದಿಲ್ಲವೆಂದು ಆ ಪುಟವನ್ನು ಹರಿದು ಹಾಕಿದೆ. ಆಮೇಲೆ ನಿಜವಾದ ಒಕ್ಕೂಟಗಳ ನಿಯಮ ಹೇಗಿರುತ್ತವೆ ನೋಡೋಣವೆಂದು ವಿಶ್ವಸಂಸ್ಥೆಯ ಸನ್ನದನ್ನು ತೆಗೆದೆ. ಅದರ 27ನೆಯ ವಿಧಿಯಲ್ಲಿ ಆ ಪ್ರತಿನಿಧಿಯ ಮಾತು ಹೆಚ್ಚುಕಡಿಮೆ ಹಾಗೆಯೇ ಇತ್ತು.

ಕಲಾಪ ನಡೆಸುವ ಕ್ರಮದ ಪ್ರಶ್ನೆಗಳನ್ನು ಬಿಟ್ಟರೆ, ಭದ್ರತಾ ಮಂಡಳಿಯ ಯಾವುದೇ ತೀರ್ಮಾನ ಐದು ಖಾಯಂ ಸದಸ್ಯರಲ್ಲಿ ಒಬ್ಬರು ಬೇಡವೆಂದರೂ ಬಿದ್ದುಹೋಗುತ್ತದೆ. ಜಗಳದಲ್ಲಿ ತಾನೇ ಪಕ್ಷಗಾರನಾದವನು ಮತ ಹಾಕಬಾರದೆಂಬ ಮಾತೂ ಅಲ್ಲಿದೆ. ಆದರೆ ಅದು ಸಂಧಾನದ ವಿಷಯಕ್ಕಷ್ಟೇ. ದಿಗ್ಬಂಧನಕ್ಕಾಗಲಿ ಸೇನಾ ಕ್ರಮಕ್ಕಾಗಲಿ ಅನ್ವಯಿಸುವುದಿಲ್ಲ. 1986ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ನಿಕರಾಗುವಾದ ಪರವಾಗಿ ತೀರ್ಪು ಕೊಟ್ಟಾಗ, ಆ ತೀರ್ಪನ್ನು ಪಾಲಿಸಬೇಕೆಂಬ ನಿರ್ಣಯವನ್ನು ತಡೆದದ್ದು ಸೋತ ಅಮೆರಿಕವೇ. 2022ರ ಫೆಬ್ರವರಿ 25ರಂದು ಯುಕ್ರೇನಿನ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ 11 ಮತ ಬಿದ್ದರೂ ಅದನ್ನು ತಡೆದದ್ದು ದಾಳಿ ಮಾಡಿದ ರಷ್ಯಾವೇ. ಈ ನಿಯಮವನ್ನು ಬದಲಿಸೋಣವೆಂದರೆ, ಸನ್ನದಿನ ತಿದ್ದುಪಡಿಗೂ ಆ ಐವರ ಒಪ್ಪಿಗೆ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ.

ಅವರೆಲ್ಲ ಕೆಟ್ಟವರು ಎಂದು ಬೈದು ಸುಮ್ಮನಾಗುವುದು ಸುಲಭ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಒಕ್ಕೂಟವೊಂದು ಹೊರಗಿನಿಂದ ಬರುವವನ ನಡತೆಯನ್ನು ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷಿಸುತ್ತದೆ. ಬಾಗಿಲು ಕಟ್ಟಿದವನ ನಡತೆಯನ್ನು ಪರೀಕ್ಷಿಸುವವರು ಯಾರು?

ವಿಶ್ವಸಂಸ್ಥೆಗಿಂತ ಮೊದಲು ಇದ್ದ ರಾಷ್ಟ್ರಸಂಘವನ್ನು ನೋಡಿ. 1923ರಲ್ಲಿ ಇಥಿಯೋಪಿಯಾ ಅದರ ಬಾಗಿಲು ತಟ್ಟಿದಾಗ, ನಿಮ್ಮಲ್ಲಿ ಇನ್ನೂ ಗುಲಾಮಗಿರಿ ಇದೆಯಲ್ಲ ಎಂಬ ಆಕ್ಷೇಪ ಬಂತು. ಆಕ್ಷೇಪ ಸುಳ್ಳಲ್ಲ. ಅದನ್ನು ತೊಡೆದುಹಾಕುತ್ತೇವೆಂದು ಮಾತು ಕೊಟ್ಟ ಮೇಲೆಯೇ ಇಥಿಯೋಪಿಯಾ ಒಳಗೆ ಬಂದದ್ದು. ಹನ್ನೆರಡು ವರ್ಷಗಳ ಬಳಿಕ, 1935ರ ಅಕ್ಟೋಬರಿನಲ್ಲಿ, ಅದರ ಮೇಲೆ ದಂಡೆತ್ತಿ ಬಂದದ್ದು ಅದೇ ಸಂಘದ ಮಂಡಳಿಯಲ್ಲಿ ಖಾಯಂ ಕುರ್ಚಿ ಹೊಂದಿದ್ದ ಇಟಲಿ. ಸಂಘ ದಿಗ್ಬಂಧನ ಹೇರಿತು, ಆದರೆ ಎಣ್ಣೆಯನ್ನು ಬಿಟ್ಟಿತು. ಎಣ್ಣೆಯಿಲ್ಲದೆ ಯುದ್ಧವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. 1936ರ ಜೂನ್ 30ರಂದು ದೇಶ ಕಳೆದುಕೊಂಡ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ ಮಾತಾಡಲು ಎದ್ದಾಗ ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿದರು. ಮುಂದಿನ ತಿಂಗಳು ದಿಗ್ಬಂಧನವನ್ನು ಹಿಂದಕ್ಕೆ ಪಡೆಯಲಾಯಿತು.

ನಮ್ಮ ದೇಶದ ಸದಸ್ಯತ್ವದ ಕಥೆ ಇನ್ನೂ ವಿಚಿತ್ರ. ಹೊಸದಾಗಿ ಸೇರುವವರು ಪೂರ್ಣ ಸ್ವಯಂ ಆಡಳಿತ ಉಳ್ಳವರಾಗಿರಬೇಕು ಎಂಬುದು ರಾಷ್ಟ್ರಸಂಘದ ನಿಯಮ. ಭಾರತಕ್ಕೆ ಅದು ಇರಲಿಲ್ಲ. ಆದರೂ ಅದು ಮೂಲ ಸದಸ್ಯ. ಯಾಕೆಂದರೆ 1919ರ ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗು ಮತ್ತು ಬಿಕಾನೇರದ ಮಹಾರಾಜ ಗಂಗಾ ಸಿಂಗ್ ದಸ್ಕತ್ತು ಹಾಕಿದ್ದರು. ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. 1945ರಲ್ಲಿ ಸಾನ್‌ಫ್ರಾನ್ಸಿಸ್ಕೋಗೆ ಹೋದ ಭಾರತದ ನಿಯೋಗದ ನಾಯಕರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಮರುವರ್ಷ ನಮ್ಮ ಮೈಸೂರಿನ ದಿವಾನರಾದವರು. ಅವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರನ್ನು ಕಳಿಸಿದ್ದು ಬ್ರಿಟಿಷ್ ಸರ್ಕಾರ. ಅದೇ ಊರಿನಲ್ಲಿ, ಸಭೆಯ ಹೊರಗೆ, ವಿಜಯಲಕ್ಷ್ಮಿ ಪಂಡಿತರು ಈ ನಿಯೋಗ ಭಾರತದ ಜನರನ್ನು ಪ್ರತಿನಿಧಿಸುವುದಿಲ್ಲವೆಂದು ಸಾರುತ್ತಿದ್ದರು. ಒಳಗೆ ಕುರ್ಚಿ, ಹೊರಗೆ ದನಿ. 1953ರಲ್ಲಿ ಅದೇ ಪಂಡಿತರು ಮಹಾಸಭೆಯ ಅಧ್ಯಕ್ಷರಾದರು ಎಂಬುದನ್ನು ನೆನೆದರೆ ಸಮಾಧಾನವಾಗುತ್ತದೆ.

ಎಲ್ಲರಿಗೂ ಆ ಸಮಾಧಾನ ಸಿಗುವುದಿಲ್ಲ. 1972ರಲ್ಲಿ ಬಾಂಗ್ಲಾದೇಶದ ಸದಸ್ಯತ್ವವನ್ನು ಚೀನಾ ತಡೆಯಿತು; ಅದು ಒಳಗೆ ಬರಲು 1974ರವರೆಗೆ ಕಾಯಬೇಕಾಯಿತು. 2024ರ ಏಪ್ರಿಲ್ 18ರಂದು ಪ್ಯಾಲೆಸ್ಟೈನಿನ ಸದಸ್ಯತ್ವಕ್ಕೆ ಹದಿನೈದರಲ್ಲಿ ಹನ್ನೆರಡು ಮತಗಳು ಬಂದವು, ಅಮೆರಿಕದ ಒಂದು ಕೈ ಅದನ್ನು ನಿಲ್ಲಿಸಿತು. ತಡೆದ ದೇಶ ಬೇರೆಬೇರೆ, ತಡೆಯುವ ಕೈಗೆ ಕೊಟ್ಟ ಅಧಿಕಾರ ಒಂದೇ.

ಹಾಗಿದ್ದರೂ ನನ್ನ ಕಥೆಯ ಆ ಪ್ರತಿನಿಧಿಗೂ ಒಂದು ವಾದವಿದೆ. ಅದನ್ನು ಕೇಳದೆ ತೀರ್ಪು ಕೊಡುವುದು ಇನ್ಸಾಫ್ ಅಲ್ಲ. "ನಾನಿಲ್ಲದೆ ನಿಮ್ಮ ಒಕ್ಕೂಟ ಎಷ್ಟು ದಿನ ನಡೆದೀತು?" ಎಂದು ಅವನು ಕೇಳುತ್ತಾನೆ. ರಾಷ್ಟ್ರಸಂಘದ ಕನಸು ಕಂಡವರು ಅಮೆರಿಕದ ಅಧ್ಯಕ್ಷ ವಿಲ್ಸನ್. ಅವರದೇ ದೇಶದ ಸೆನೆಟ್ ಅದನ್ನು ಒಪ್ಪಲಿಲ್ಲ. ಬಲಿಷ್ಠನಿಲ್ಲದ ಆ ಸಂಘದ ಗತಿ ಏನಾಯಿತೆಂದು ಇಥಿಯೋಪಿಯಾ ಕಂಡಿತು. ಸಾನ್‌ಫ್ರಾನ್ಸಿಸ್ಕೋದಲ್ಲಿ ಆಸ್ಟ್ರೇಲಿಯಾದ ಇವಾಟ್ ಮತ್ತು ಹಲವು ಚಿಕ್ಕ ದೇಶದವರು ವೀಟೋವನ್ನು ವಿರೋಧಿಸಿದಾಗ, ಅಮೆರಿಕದ ಸೆನೆಟರ್ ಟಾಮ್ ಕೊನಲಿ ಸನ್ನದಿನ ಕರಡನ್ನು ಅವರೆದುರೇ ಹರಿದು ತೋರಿಸಿದರು. ವೀಟೋ ಬೇಡವೆಂದರೆ ಸನ್ನದೂ ಇಲ್ಲ ಎಂದು ಅರ್ಥ. 1945ರ ಜೂನ್ 26ರಂದು ಐವತ್ತು ದೇಶಗಳು ಸಹಿ ಹಾಕಿದವು. ಆಗಿನ್ನೂ ಜಪಾನಿನ ಮೇಲಿನ ಯುದ್ಧ ಮುಗಿದಿರಲಿಲ್ಲ. ಹೆಣ ಹೂತು ಬಂದವರು ಅವರು. ನಾನು ಆ ಸಭೆಯಲ್ಲಿದ್ದರೂ ಸಹಿ ಹಾಕುತ್ತಿದ್ದೆನೇನೋ.

ಇಲ್ಲಿ ನನ್ನ ಖಾಲಾ ನೆನಪಾಗುತ್ತಾರೆ. ಅಜ್ಜನ ಮನೆ, ತೋಟ ಪಾಲಾಗುವಾಗ ತನ್ನ ಹಿಸ್ಸೆ ಬೇಡವೆಂದು ಅವರು ಕಾಗದಕ್ಕೆ ದಸ್ಕತ್ತು ಹಾಕಿಕೊಟ್ಟರು. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆಂದು ಅವರಿಗೆ ಗೊತ್ತಿತ್ತು. ಖಾಲಾ ಪೆದ್ದಿಯಲ್ಲ. ಲೆಕ್ಕ ಹಾಕಿಯೇ ಬಾಗಿಲನ್ನು ಆರಿಸಿಕೊಂಡರು. ಮಾಮೂ ಪ್ರತಿ ಈದ್‌ಗೆ ಒಂದು ಸೀರೆ ಕಳಿಸುತ್ತಿದ್ದರು. ಖಾಲಾ ಅದನ್ನು ಉಡುತ್ತಿದ್ದರು ಕೂಡ. ಆದರೆ ಒಂದು ಮದುವೆಮನೆಯಲ್ಲಿ ಮಾಮೂ ನಾಲ್ಕು ಜನರೆದುರು, "ನನ್ನ ತಂಗಿ ಖುಷಿಯಿಂದ ಬಿಟ್ಟುಕೊಟ್ಟಳು" ಎಂದಾಗ ಖಾಲಾ ತಟ್ಟೆ ಬಿಟ್ಟು ಎದ್ದುಹೋದರು. ತೋಟ ಹೋದಾಗ ಅಳದವರು ಅಂದು ಅತ್ತರು.

ನನಗೆ ಅಂದು ಅರ್ಥವಾಗದ್ದು ಈಗ ಆಗುತ್ತಿದೆ. ಬೇರೆ ದಾರಿಯಿಲ್ಲದೆ ಅಸಮಾನ ಕರಾರಿಗೆ ಒಪ್ಪುವುದು ತಪ್ಪಲ್ಲ. ಒಪ್ಪಿಸಿಕೊಂಡವನು ಅದನ್ನೇ ನ್ಯಾಯವೆಂದು ಕರೆಯುವುದು ತಪ್ಪು. ಬಲಿಷ್ಠನಿಗೆ ಕೊಟ್ಟ ರಿಯಾಯಿತಿ ಅವನ ಯೋಗ್ಯತೆಗೆ ಸಂದ ಮರ್ಯಾದೆಯಲ್ಲ. ಅವನು ತೀರಿಸಬೇಕಾದ ಸಾಲ. ಸಾಲವೆಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಎಂದಾದರೂ ಕೇಳಬಹುದು. ಉಡುಗೊರೆಯೆಂದು ಬರೆದರೆ ಕೇಳುವ ಹಕ್ಕೂ ಹೋಗುತ್ತದೆ. 2022ರ ಏಪ್ರಿಲಿನಲ್ಲಿ ಮಹಾಸಭೆ ಒಂದು ನಿರ್ಣಯ ಮಾಡಿತು: ಯಾರಾದರೂ ವೀಟೋ ಹಾಕಿದರೆ ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಆ ಬಗ್ಗೆ ಚರ್ಚಿಸಬೇಕು. ಇದರಿಂದ ವೀಟೋ ಹೋಗುವುದಿಲ್ಲ. ಆದರೆ ಸಾಲಗಾರನನ್ನು ನಾಲ್ಕು ಜನರೆದುರು ಕರೆಸಿ ಲೆಕ್ಕ ಕೇಳುವಷ್ಟಾದರೂ ಆಯಿತು.

ನಾನು ಓದಿದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ. 'ಕರಾರು' ಎಂಬ ಮಾತು ಎರಡೂ ಕಡೆ ಸಿಕ್ಕಿತು. ಕನ್ನಡದಲ್ಲಿ ಅದಕ್ಕೆ ಒಪ್ಪಂದವೆಂಬ ಅರ್ಥ. ಉರ್ದುವಿನಲ್ಲಿ ಅದರ ಜೊತೆಗೆ ನೆಮ್ಮದಿ ಎಂಬ ಅರ್ಥವೂ ಇದೆ. ಮನಸ್ಸಿಗೆ ಕರಾರ್ ಇಲ್ಲದವನು ಬೇಕರಾರ್. ಖಾಲಾ ಮಾಡಿಕೊಟ್ಟ ಕರಾರಿನಲ್ಲಿ ಅವರಿಗೂ ಕರಾರ್ ಸಿಗಲಿಲ್ಲ, ಮಾಮೂಗೂ ಸಿಗಲಿಲ್ಲ. ಕೊನೆಯ ದಿನಗಳಲ್ಲಿ ಅವರು ತಂಗಿಯನ್ನು ಕರೆಸಿಕೊಂಡು ಏನೋ ಹೇಳಬೇಕೆಂದು ಹೊರಟು, ಹೇಳಲಾರದೆ ಸುಮ್ಮನಾದರು.

ಕಥೆಯ ಹರಿದ ಪುಟವನ್ನು ಮತ್ತೆ ಬರೆದಿದ್ದೇನೆ. ಆ ಪ್ರತಿನಿಧಿಯ ಮಾತನ್ನು ಬದಲಿಸಲಿಲ್ಲ, ಆರು ಮಂದಿಯ ಸಹಿಯನ್ನೂ ತೆಗೆಯಲಿಲ್ಲ. ಅವರಲ್ಲಿ ಒಬ್ಬಳು ಸಹಿಯ ಕೆಳಗೆ ಒಂದು ಸಾಲು ಸೇರಿಸುತ್ತಾಳೆ: "ಬೇರೆ ದಾರಿಯಿಲ್ಲದೆ ಒಪ್ಪಿದ್ದೇವೆ. ಇದು ನೆನಪಿರಲಿ."