ಸಂಶಯ, ಹೇತು ಮತ್ತು ಯಂತ್ರದ ಸಾಕ್ಷ್ಯ

ವಿಂಡೋಸ್ ವ್ಯವಸ್ಥೆಯ ಸೇವೆಗಳನ್ನು ನಡೆಸುವ ‘ಎಸ್‌ವಿಸಿಹೋಸ್ಟ್’ ಪ್ರಕ್ರಿಯೆ ಅಪರಿಚಿತ ವಿಳಾಸವೊಂದನ್ನು ಸಂಪರ್ಕಿಸಿದ ಮಾತ್ರಕ್ಕೆ ಅದನ್ನು ಕುತಂತ್ರಾಂಶವೆಂದು ತೀರ್ಮಾನಿಸುವುದು ನ್ಯಾಯದರ್ಶನದ ಪ್ರಕಾರ ಸವ್ಯಭಿಚಾರ ಹೇತುವನ್ನು, ಎಂದರೆ ಸಾಧಿಸಬೇಕಾದ ವಿಷಯ ಇಲ್ಲದ ಕಡೆಯೂ ಕಾಣುವ ಕಾರಣವನ್ನು, ನಂಬಿದಂತೆ. ಏಕೆಂದರೆ ಅಪ್‌ಡೇಟ್‌ಗಾಗಿಯೂ ಅದು ಹೊರಗಿನ ಸರ್ವರುಗಳನ್ನು ಸಂಪರ್ಕಿಸುತ್ತದೆ. ಆದರೆ ಅದರ ಕಡತ ಸಿಸ್ಟಮ್32 ಫೋಲ್ಡರಿನ ಬದಲು ತಾತ್ಕಾಲಿಕ ಫೋಲ್ಡರಿನಲ್ಲಿದ್ದರೆ ಸಂಶಯಕ್ಕೆ ಬಲ ಬರುತ್ತದೆ. ಇದಕ್ಕಿಂತ ಗಹನವಾದ ಪ್ರಶ್ನೆಯೆಂದರೆ, ರೂಟ್‌ಕಿಟ್ ಎಂಬ ಮರೆಮಾಚುವ ತಂತ್ರಾಂಶವು ನೆಟ್‌ಸ್ಟಾಟ್ ಆಜ್ಞೆ ತೋರಿಸುವ ಸಂಪರ್ಕಗಳ ಪಟ್ಟಿಯಿಂದಲೇ ತನ್ನ ಸುಳಿವನ್ನು ಅಳಿಸಬಲ್ಲದಾದ್ದರಿಂದ, ಯಂತ್ರ ತನ್ನ ಬಗ್ಗೆ ತಾನೇ ನುಡಿಯುವ ಸಾಕ್ಷ್ಯಕ್ಕೆ ಪ್ರಾಮಾಣ್ಯ ಎಲ್ಲಿಂದ ಬರಬೇಕು ಎಂಬುದು. ಜ್ಞಾನ ಸ್ವತಃ ಪ್ರಮಾಣವೆನ್ನುವ ಮೀಮಾಂಸಕರು ಕೂಡ ಕಾರಣದೋಷ, ಎಂದರೆ ಜ್ಞಾನದ ಮೂಲದಲ್ಲೇ ದೋಷ, ಕಂಡಾಗ ಆ ಜ್ಞಾನವನ್ನು ಕೈಬಿಡುತ್ತಾರೆ. ಇಲ್ಲಂತೂ ನೈಯಾಯಿಕರ ಪರತಃಪ್ರಾಮಾಣ್ಯವೇ, ಅಂದರೆ ಅನ್ಯ ಆಧಾರದಿಂದ ಜ್ಞಾನದ ಸತ್ಯತೆಯನ್ನು ನಿರ್ಣಯಿಸುವ ನಿಲುವೇ, ಸಮಂಜಸ: ಶಂಕಿತ ಯಂತ್ರದ ಸಂಪರ್ಕಗಳನ್ನು ಅದರ ಹೊರಗಿರುವ ರೌಟರಿನ ದಾಖಲೆಯಲ್ಲಿ ಪರಿಶೀಲಿಸಬೇಕು.